ಹಳೇ ಹೊಲಿಗೆ ಮೆಷಿನ್: ಬಣ್ಣಕ್ಕಿಂತ ಮೊದಲು ಎಣ್ಣೆ

ಪ್ರಶ್ನೆ: ಅಜ್ಜಿ ಬಳಸುತ್ತಿದ್ದ ಸಿಂಗರ್ ಕಾಲು ಮೆಷಿನ್ ಇದೆ, 15ಕೆ ಮಾಡೆಲ್. ತುಂಬಾ ವರ್ಷದಿಂದ ಯಾರೂ ಮುಟ್ಟಿಲ್ಲ. ಈಗ ಚಕ್ರ ಕದಲುತ್ತಲೇ ಇಲ್ಲ. ತುಕ್ಕು ಹಿಡಿದಿದೆ, ಗುಜರಿಗೆ ಹಾಕಿ ಅನ್ನುತ್ತಾರೆ. ನಾನೇ ಸರಿ ಮಾಡಿಕೊಳ್ಳಬಹುದಾ?
– ಓದುಗರು, ಸಾಗರ

ಉತ್ತರ: ಖಂಡಿತ ಮಾಡಬಹುದು. ಗುಜರಿಗೆ ಮಾತ್ರ ಹಾಕಬೇಡಿ. ಮನೆಯೊಳಗೇ ಇದ್ದ ಮೆಷಿನ್ ಬಿಗಿದುಕೊಂಡರೆ ತುಕ್ಕಿಗಿಂತ ಒಣಗಿದ ಎಣ್ಣೆಯ ಮೇಲೇ ನನಗೆ ಅನುಮಾನ ಜಾಸ್ತಿ. ಎಷ್ಟೋ ಮನೆಗಳಲ್ಲಿ ಮೆಷಿನ್‌ಗೂ ಕೊಬ್ಬರಿ ಎಣ್ಣೆಯನ್ನೇ ಬಿಡುತ್ತಿದ್ದರು. ಅದು ವರ್ಷಗಟ್ಟಲೆ ನಿಂತರೆ ಗೋಂದಿನ ಹಾಗೆ ಅಂಟಿಕೊಳ್ಳುತ್ತದೆ.

ಮೊದಲು ಬೆಲ್ಟ್ ಬಿಚ್ಚಿ. ಬಿಗಿದಿರುವುದು ಮೇಲಿನ ಮೆಷಿನ್ನೋ, ಕೆಳಗಿನ ಪೆಡಲ್ಲೋ ಗೊತ್ತಾಗುತ್ತದೆ. ಮೆಷಿನ್ನೇ ಆದರೆ ಬಾಬಿನ್ ಕೇಸ್ (ಕೆಳದಾರದ ಉರುಳೆ ಕೂರುವ ಡಬ್ಬಿ) ತೆಗೆದು, ಅದರ ಹಿಂದಿನ ಶಟಲನ್ನೂ (ಮೇಲಿನ ದಾರವನ್ನು ಹಿಡಿದು ಸುತ್ತಿಸುವ ಕೊಕ್ಕೆಯಂಥ ಭಾಗ) ಹೊರತೆಗೆಯಿರಿ. ಶಟಲ್ ಓಡಾಡುವ ಜಾಗದಲ್ಲಿ ದಾರದ ಒಂದು ತುಣುಕು ಸಿಕ್ಕಿಕೊಂಡರೂ ಸಾಕು, ಇಡೀ ಮೆಷಿನ್ ನಿಂತುಬಿಡುತ್ತದೆ. ಚಿಮಟದಲ್ಲಿ ಎಳೆದು ತೆಗೆದ ಕೂಡಲೇ ಚಕ್ರ ತಿರುಗಿದರೆ ನಿಮ್ಮ ಅದೃಷ್ಟ.

ಆಗಲೂ ತಿರುಗದಿದ್ದರೆ ಪ್ರತಿಯೊಂದು ಎಣ್ಣೆ ತೂತಿಗೂ, ಲೋಹಕ್ಕೆ ಲೋಹ ಉಜ್ಜುವ ಪ್ರತಿಯೊಂದು ಜಾಗಕ್ಕೂ ಎರಡೆರಡು ಹನಿ ಸೀಮೆಎಣ್ಣೆ ಬಿಡಿ. ಹತ್ತಿರ ಬೆಂಕಿ ಬೇಡ, ಕಿಟಕಿ ತೆರೆದಿರಲಿ. ರಾತ್ರಿಯೆಲ್ಲ ಹಾಗೇ ಬಿಟ್ಟು, ಬೆಳಿಗ್ಗೆ ಚಕ್ರವನ್ನು ಒಂಚೂರು ಹಿಂದೆ, ಒಂಚೂರು ಮುಂದೆ ಆಡಿಸಿ. ಸುಮ್ನೆ ಜೋರು ಮಾಡಬೇಡಿ, ಇಕ್ಕಳ ಹಾಕಿ ತಿರುಗಿಸಲೇಬೇಡಿ. ಕೂದಲೆಳೆಯಷ್ಟು ಕದಲಿದರೂ ಅದು ಬರುತ್ತದೆ ಅಂತಲೇ ಅರ್ಥ. ಮತ್ತೆ ಬಿಡಿ, ಮತ್ತೆ ಕಾಯಿರಿ. ಸೀಮೆಎಣ್ಣೆ ಸಿಗದಿದ್ದರೆ ಮೆಷಿನ್ ಎಣ್ಣೆಯೇ ಆಗುತ್ತದೆ, ದಿನ ಜಾಸ್ತಿ ಹಿಡಿಯುತ್ತದೆ ಅಷ್ಟೆ. ಸಡಿಲವಾದ ಮೇಲೆ ಕಪ್ಪು ಕೊಳೆಯನ್ನೆಲ್ಲ ಒರೆಸಿ, ಮೆಷಿನ್ ಎಣ್ಣೆ ಹಾಕಲೇಬೇಕು. ಸೀಮೆಎಣ್ಣೆ ಕೊಳೆ ಕರಗಿಸುತ್ತದೆ, ಆದರೆ ಆರಿಹೋಗುತ್ತದೆ. ಅದರ ಮೇಲೇ ಓಡಿಸಿದರೆ ಲೋಹ ಸವೆಯುತ್ತದೆ.

ಚಕ್ರ ಬಿಚ್ಚುವುದಾದರೆ ಒಂದು ಮಾತು. ಚಕ್ರದ ನಡುವಿನ ತಿರುಪಿನ ಹಿಂದೆ ಮೂರು ಕಿವಿಗಳಿರುವ ವಾಷರ್ ಇರುತ್ತದೆ. ತೆಗೆಯುವ ಮೊದಲೇ ಮೊಬೈಲಿನಲ್ಲಿ ಅದರ ಫೋಟೋ ತೆಗೆದುಕೊಳ್ಳಿ. ಮತ್ತೆ ಜೋಡಿಸಿದಾಗ, ತಿರುಪು ಸಡಿಲಿಸಿ ಬಾಬಿನ್ ಸುತ್ತುವಾಗಲೂ ಸೂಜಿ ಕುಣಿಯುತ್ತಿದ್ದರೆ ವಾಷರನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿ. ಇಷ್ಟಕ್ಕೇ ಮೆಷಿನ್ ಕೆಟ್ಟಿತು ಅಂದುಕೊಂಡು ಕೈಬಿಟ್ಟವರಿದ್ದಾರೆ.

ಬಿಡಿಭಾಗದ ಚಿಂತೆ ಬೇಡ. ಇದೇ ಅಚ್ಚಿನ ಕಪ್ಪು ಮೆಷಿನ್‌ಗಳು ಲೂಧಿಯಾನದಲ್ಲಿ ಇವತ್ತಿಗೂ ತಯಾರಾಗುತ್ತವೆ. ಬಾಬಿನ್, ಬಾಬಿನ್ ಕೇಸ್, ಬೆಲ್ಟ್ ಎಲ್ಲವೂ ಟೈಲರಿಂಗ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತವೆ.

ಪ್ರಶ್ನೆ: ಮೆಷಿನ್ ಓಡುತ್ತಿದೆ. ಆದರೆ ಕಪ್ಪು ಬಣ್ಣ ಮಂಕಾಗಿದೆ, ಚಿನ್ನದ ಬಣ್ಣದ ಚಿತ್ತಾರ ಅಲ್ಲಲ್ಲಿ ಅಳಿಸಿದೆ. ಉಪ್ಪುಕಾಗದದಲ್ಲಿ ಉಜ್ಜಿ ಹೊಸ ಬಣ್ಣ ಹೊಡೆಸಲಾ?
– ಓದುಗರು, ಧಾರವಾಡ

ಉತ್ತರ: ದಯವಿಟ್ಟು ಬೇಡ. ಈ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಬಣ್ಣ ಒಮ್ಮೆ ಹೋದರೆ ಹೋಯಿತು, ಮೂಲದ ಚಿತ್ತಾರ ಮತ್ತೆ ಬರುವುದಿಲ್ಲ. ಕೈ ಉಜ್ಜಿ ಉಜ್ಜಿ ಚಿನ್ನದ ಗೆರೆ ಸವೆದ ಜಾಗ ಇದೆಯಲ್ಲ, ಯಾರೋ ಅಲ್ಲಿ ಕೂತು ಹೊಲಿದಿದ್ದಕ್ಕೆ ಅದೇ ಸಾಕ್ಷಿ. ಅದನ್ನು ಯಾಕೆ ಮುಚ್ಚಬೇಕು?

ಆ ಚಿತ್ತಾರದ ಮೇಲೆ ಅರಗಿನ ತೆಳು ಲೇಪ ಇರುತ್ತದೆ. ಚನ್ನಪಟ್ಟಣದ ಗೊಂಬೆಗಳಿಗೆ ಹೊಳಪು ಬರುವುದೂ ಅರಗಿನಿಂದಲೇ. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ. ಹಾಗಾಗಿ ಸ್ಯಾನಿಟೈಸರ್, ಥಿನ್ನರ್, ಗಾಜು ಒರೆಸುವ ದ್ರಾವಣ ಯಾವುದೂ ಹತ್ತಿರ ಬರಬಾರದು. ಹಳೇ ಹತ್ತಿಬಟ್ಟೆಗೆ ಮೆಷಿನ್ ಎಣ್ಣೆ ಹಚ್ಚಿ ಮೆಲ್ಲಗೆ ಒರೆಸಿ, ಮೊದಲು ಕಾಣದ ಮೂಲೆಯಲ್ಲಿ. ಬಟ್ಟೆಗೆ ಕಂದು ಕೊಳೆ ಮಾತ್ರ ಬಂದರೆ ಮುಂದುವರಿಸಿ, ಚಿನ್ನದ ಪುಡಿ ಬಂದರೆ ಅಲ್ಲೇ ನಿಲ್ಲಿಸಿ. ಇಷ್ಟರಲ್ಲೇ ಕಪ್ಪು ಎಷ್ಟು ಆಳವಾಗಿ ಎದ್ದು ಬರುತ್ತದೆ ಅಂತ ನೋಡಿ, ನೀವೇ ಆಶ್ಚರ್ಯಪಡುತ್ತೀರಿ.

ಪ್ರಶ್ನೆ: ಬಟ್ಟೆಯ ಕೆಳಗಡೆ ದಾರ ಗೊಂಚಲು ಗೊಂಚಲಾಗಿ ಬರುತ್ತದೆ. ಬಾಬಿನ್ ಕೇಸ್ ಬದಲಾಯಿಸಿದರೂ ಹೋಗಲಿಲ್ಲ.
– ಓದುಗರು, ಹಾಸನ

ಉತ್ತರ: ಗೊಂಚಲು ಕೆಳಗೆ ಕಂಡರೂ ಸಾಮಾನ್ಯವಾಗಿ ತಪ್ಪು ಮೇಲಿರುತ್ತದೆ. ಮೇಲಿನ ದಾರಕ್ಕೆ ಬಿಗಿ ಸಾಲದು. ಬಟ್ಟೆಯನ್ನು ಒತ್ತಿ ಹಿಡಿಯುವ ಫುಟ್ ಮೇಲೆತ್ತಿಯೇ ದಾರ ಪೋಣಿಸಿ, ಆಗಲೇ ದಾರವನ್ನು ಬಿಗಿ ಹಿಡಿಯುವ ಟೆನ್ಷನ್ ಬಿಲ್ಲೆಗಳ ನಡುವೆ ದಾರ ಸರಿಯಾಗಿ ಕೂರುವುದು. ಆ ಬಿಲ್ಲೆಗಳ ನಡುವೆ ಬಟ್ಟೆಯ ತೆಳು ಪಟ್ಟಿ ಎಳೆದು ಧೂಳು ತೆಗೆಯಿರಿ. ಸೂಜಿಯನ್ನೂ ಬದಲಾಯಿಸಿ. ಸೂಜಿಯ ಉದ್ದ ಗೆರೆ ಇರುವ ಕಡೆಯಿಂದಲೇ ದಾರ ಒಳಗೆ ಹೋಗಬೇಕು, ಚಪ್ಪಟೆ ಭಾಗ ಅದರ ಎದುರು ಕಡೆಗೆ.

ಪ್ರಶ್ನೆ: ಹಳೇ ಸಿಂಗರ್‌ಗೆ ಲಕ್ಷಗಟ್ಟಲೆ ಕೊಡುತ್ತಾರಂತೆ, ಒಳಗೆ ಕೆಂಪು ಪಾದರಸ ಇದೆಯಂತೆ. ನಿಜವಾ?
– ಓದುಗರು, ಬಳ್ಳಾರಿ

ಉತ್ತರ: ಶುದ್ಧ ಸುಳ್ಳು. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಇದೇ ಗಾಳಿಸುದ್ದಿ ಹಬ್ಬಿ, ಜನ ಹಳೇ ಮೆಷಿನ್‌ಗಳಿಗೆ ಸಿಕ್ಕಾಪಟ್ಟೆ ದುಡ್ಡು ಸುರಿದರು. ಮಣ್ಣುಮುಕ್ಕ ಹಾವು, ರೈಸ್ ಪುಲ್ಲರ್ (ಅಕ್ಕಿಕಾಳು ಸೆಳೆಯುತ್ತದೆ ಅನ್ನುವ ಪಾತ್ರೆ) ಹೆಸರಲ್ಲಿ ನಡೆಯುವ ಮೋಸದ ಸಾಲಿಗೇ ಇದೂ ಸೇರಿದ್ದು. ಮುಂಗಡ ಕೇಳಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ.

ನಿಮ್ಮ ಮೆಷಿನ್ ಎಷ್ಟು ಹಳೆಯದು ಅಂತ ತಿಳಿಯಬೇಕಾ? ತಳದ ಹತ್ತಿರ ಒತ್ತಿರುವ ನಂಬರ್ ನೋಡಿ. ಬರೀ ಅಂಕಿ ಇದ್ದರೆ 1900ಕ್ಕೂ ಹಿಂದಿನದು. ಮುಂದೆ ಒಂದು ಇಂಗ್ಲಿಷ್ ಅಕ್ಷರ ಇದ್ದರೆ ಆಮೇಲಿನದು, ಎರಡು ಅಕ್ಷರ ಇದ್ದರೆ ಸುಮಾರು 1935ರ ನಂತರದ್ದು. ಮಾಡೆಲ್ ಹೆಸರಿನ ಕೊನೆಯ 'ಕೆ' ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ನಲ್ಲಿದ್ದ ಕಿಲ್ಬೋವಿ ಕಾರ್ಖಾನೆಯ ಗುರುತು. ಆ ಕಾರ್ಖಾನೆ 1980ರಲ್ಲಿ ಮುಚ್ಚಿತು.