ಎರಡು ಬುಧವಾರ

ನಾನು ಆಪ್ತಸಲಹೆಗಾರ್ತಿ. ನನ್ನ ಬಳಿ ಸಲಹೆಗೆ ಬಂದ ಒಂದು ದಂಪತಿಯ ಪ್ರಕರಣ ಬರೆಯಬೇಕೋ ಬೇಡವೋ ಅಂತ ನಾಲ್ಕು ತಿಂಗಳು ಯೋಚಿಸಿದೆ. ಬರೆಯಲು ಕಾರಣ ಎರಡು. ಮನೆಯವರಿಗಾಗಿ ಊರು ಬಿಟ್ಟು ಹೋಗಿ ಕಂಗೆಟ್ಟ ಹಿರಿಯ ಹೆಂಗಸರು ನನ್ನ ಬಳಿ ಬರುವುದು ಜಾಸ್ತಿ ಆಗಿದೆ. ಮತ್ತೆ, ನಾನು ಕೊಟ್ಟ ಸಲಹೆಗೆ ಒಂದಿಷ್ಟು ಜನ ನನ್ನನ್ನು ಬೈದಿದ್ದಾರೆ. ಅವರಿಗೂ ಉತ್ತರ ಕೊಟ್ಟಂತಾಗಲಿ. ದಂಪತಿಯ ಒಪ್ಪಿಗೆ ತಗೊಂಡಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಗಂಡ ನಿವೃತ್ತ ಹೈಸ್ಕೂಲ್ ಮೇಷ್ಟ್ರು, ಗಣಿತ ವಿಜ್ಞಾನ. ಹೆಂಡತಿ ನಿವೃತ್ತ ನರ್ಸ್. ಬೀದರ್ ಕಡೆಯವರು, ಮೂರು ತಲೆಮಾರಿನ ಮೆಥೋಡಿಸ್ಟ್ ಕ್ರೈಸ್ತ ಮನೆತನ. ಸರ್, ಸಿಸ್ಟರ್ ಅಂತಲೇ ಬರೆಯುತ್ತೇನೆ, ನನ್ನ ಕೋಣೆಯಲ್ಲೂ ಹಾಗೇ ಕರೆದದ್ದು. ಬೀದರ್‌ನಲ್ಲಿ ಎಲ್ಲಿ ಹೋದರೂ ಗುರುತಿನವರು, ಅದಕ್ಕೆ ರೈಲು ಹತ್ತಿ ಕಲಬುರಗಿಗೆ ಬರುತ್ತಿದ್ದರು. 2017ರಲ್ಲಿ ಆ ಲೈನ್ ಶುರುವಾದ ಮೇಲೆ ನನ್ನ ಬಳಿ ಬೀದರ್‌ನವರು ಜಾಸ್ತಿ. ಮನಸ್ಸಿನ ಮಾತಾಡಲು ಊರು ಬಿಟ್ಟು ಬರಬೇಕು ನಮ್ಮ ಕಡೆ.

ನಿವೃತ್ತಿ ಆದ ಮೇಲೆ ಗಂಡ ಹೆಂಡತಿ ಒಟ್ಟಿಗೆ ಹೊರದೇಶಕ್ಕೆ ಸೇವೆಗೆ ಹೋಗುವ ರೂಢಿ ಕೆಲವು ಕ್ರೈಸ್ತ ಪಂಗಡಗಳಲ್ಲಿದೆ. ಅಂಥವರನ್ನು "ಹಿರಿಯ ಮಿಷನರಿಗಳು" ಅಂತ ಕರೆಯುತ್ತಾರೆ. ಸಂಬಳ ಇಲ್ಲ, ಎಷ್ಟೋ ಸಲ ಖರ್ಚೂ ಅವರದೇ. ಇವರು ಒಂದೂವರೆ ವರ್ಷಕ್ಕೆ ಒಪ್ಪಿ ಆಫ್ರಿಕಾದ ಜಾಂಬಿಯಾಕ್ಕೆ ಹೋಗಿದ್ದರು. ನೂರು ವರ್ಷಕ್ಕೂ ಹಿಂದೆ ಮಿಷನರಿಗಳು ಬಂದಿಳಿದ ಊರು ಬೀದರ್. ಆ ಊರಿನಿಂದ ಇಬ್ಬರು ಹಾಗೇ ಹೊರಟಾಗ ಚರ್ಚಿನಲ್ಲಿ ಹಾರ, ಶಾಲು, ಫೋಟೋ ಎಲ್ಲಾ ಆಗಿತ್ತು. ಹನ್ನೊಂದು ತಿಂಗಳಿಗೆ ಮಗಳ ಬಾಣಂತನಕ್ಕೆ ಅಂತ ಬಂದರು. ರಜೆ ಮುಗಿಯಿತು. ಸಿಸ್ಟರ್ ವಾಪಸ್ ಹೋಗಲು ತಯಾರಿಲ್ಲ. ಕಾರಣ ಕೇಳಿದರೆ "ಒಲ್ಲೆ". ಅಷ್ಟೇ.

ಮನೆಯವರೆಲ್ಲ ತಲೆಗೊಂದು ಕಾರಣ ಹುಡುಕಿದ್ದರು. ಮೊಮ್ಮಗಳ ಮೋಹ ಅಂದ ಮಗ. ಕರೆಂಟ್ ಇಲ್ಲದ್ದಕ್ಕೆ ಅಂದಳು ಸೊಸೆ. ಜಾಂಬಿಯಾದಲ್ಲಿ ಬಹುಪಾಲು ಕರೆಂಟ್ ಬರುವುದು ನೀರಿನಿಂದ. 2024ರ ಬರಕ್ಕೆ ಕರೀಬಾ ಜಲಾಶಯದ ನೀರು ತೀರಾ ಇಳಿದು, ದಿನದ ಹೆಚ್ಚು ಹೊತ್ತು ಕತ್ತಲೆ. ಆದರೆ ಬೀದರ್‌ನಲ್ಲಿ ಬೆಳೆದವರಿಗೆ ಲೋಡ್‌ಶೆಡ್ಡಿಂಗ್ ಹೊಸದಾ? ಊಟ ಸೇರಲಿಲ್ಲವೇನೋ ಅಂದರು ಬೀಗರು. ಅಲ್ಲಿನವರ ಊಟ ನ್ಶಿಮಾ, ಬಿಳಿ ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಮುದ್ದೆ. "ಸಂಕಟಿ ಇದ್ದಂಗ ಅದರಿ, ನನಗ ಸೇರತಿತ್ತು" ಅಂದರು ಸಿಸ್ಟರ್. ಚರ್ಚಿನ ಹಿರಿಯರೊಬ್ಬರು ಮಾತ್ರ ನೇರವಾಗಿ, ವಿಶ್ವಾಸ ಕಮ್ಮಿ ಆಗಿದೆ ಅಂದುಬಿಟ್ಟಿದ್ದರು.

ನಾನೂ ಏನು ಕಮ್ಮಿ ಇಲ್ಲ. ಮೊದಲ ಎರಡು ಭೇಟಿ ಪೂರ್ತಿ ಮೊಮ್ಮಗಳ ಸುತ್ತಲೇ ಮಾತಾಡಿಸಿದೆ. ಅಗಲಿಕೆ, ವಯಸ್ಸು, ಒಂಟಿತನ ಅಂತ ನನ್ನ ಬತ್ತಳಿಕೆಯಲ್ಲಿದ್ದದ್ದೆಲ್ಲ ತೆಗೆದೆ. ಸಿಸ್ಟರ್ ಮರ್ಯಾದೆಗೆ ತಲೆ ಆಡಿಸಿದರು. ಡ್ಯೂಟಿಗೆ ಹೊಸದಾಗಿ ಬಂದ ಡಾಕ್ಟರ್ ಹೇಳಿದ್ದಕ್ಕೆ ಹಳೇ ನರ್ಸ್ ತಲೆ ಆಡಿಸುವುದಿಲ್ಲವೇ, ಹಾಗೆ.

ಒಂದೇ ಒಂದು ಸಲ ಕಿಡಿ ಹಾರಿದ್ದು ಎರಡನೇ ಭೇಟಿಯಲ್ಲಿ. ಸರ್, ಮಿಷನರಿ ಕಿಟೆಲ್ ಅವರ ವಿಷಯ ತೆಗೆದರು. "1853ರಾಗ ಜರ್ಮನಿ ಬಿಟ್ಟು ಬಂದ್ರು. 1894ಕ್ಕ ಕನ್ನಡಕ್ಕ ಅಷ್ಟು ದೊಡ್ಡ ನಿಘಂಟು ಕೊಟ್ರು. ಅವರೇನು ನಡುವ ಒಲ್ಲೆ ಅಂದ್ರೇನು?" ಸಿಸ್ಟರ್ ತಲೆ ಎತ್ತದೆ ಕೇಳಿದರು: "ಆ ಸಾಹೇಬರ ಹೆಂಡತಿ ಹೆಸರೇನ್ರಿ?" ಇಸವಿಗಳೆಲ್ಲ ಬಾಯಿಪಾಠ ಇದ್ದ ಸರ್‌ಗೆ ಅದು ಗೊತ್ತಿರಲಿಲ್ಲ. ನನಗೆ ನಗು ಬಂತು. ಆಪ್ತಸಲಹೆಗಾರರು ಹಾಗೆ ನಗಬಾರದು.

ಆವತ್ತು ಹೊರಡುವಾಗ ಇಬ್ಬರಿಗೂ ಒಂದು ಕೆಲಸ ಕೊಟ್ಟೆ. ಅಲ್ಲಿನ ಒಂದು ವಾರ ಬರೆಯಿರಿ. ಯಾವುದಾದರೂ ಒಂದೇ ವಾರ, ನೀವೇ ಮಾತಾಡಿ ಆರಿಸಿಕೊಳ್ಳಿ. ಸೋಮವಾರದಿಂದ ಭಾನುವಾರದವರೆಗೆ, ಬೆಳಿಗ್ಗೆಯಿಂದ ರಾತ್ರಿವರೆಗೆ ಏನೇನು ಮಾಡಿದಿರಿ ಅನ್ನುವುದಷ್ಟೇ. ಒಬ್ಬರದು ಒಬ್ಬರು ನೋಡಬಾರದು. "ಯಾಕೆ" ಅಂತ ಕೇಳಿದರೆ ಜನ ತಯಾರಿದ್ದ ಉತ್ತರ ಕೊಡುತ್ತಾರೆ. "ಮಂಗಳವಾರ ಮೂರು ಗಂಟೆಗೆ ಏನು ಮಾಡ್ತಿದ್ರಿ" ಅಂದರೆ ಸುಳ್ಳು ಹೇಳುವುದು ಕಷ್ಟ.

ಮೂರನೇ ಭೇಟಿಗೆ ಸರ್ ತಂದದ್ದು ಲಾಂಗ್ ನೋಟ್‌ಬುಕ್. ಸ್ಕೇಲ್ ಇಟ್ಟು ಗೆರೆ ಎಳೆದು, ಪೀರಿಯಡ್ ಲೆಕ್ಕದಲ್ಲಿ ಟೈಮ್‌ಟೇಬಲ್ ಮಾಡಿದ್ದರು. ಸಿಸ್ಟರ್ ತಂದದ್ದು ಕ್ಯಾಲೆಂಡರಿನ ಹರಿದ ಹಾಳೆ, ಹಿಂಬದಿಯಲ್ಲಿ ಪೆನ್ಸಿಲ್ ಬರಹ. ಅದಲುಬದಲು ಮಾಡಿ, ಜೋರಾಗಿ ಓದಲು ಹೇಳಿದೆ.

ಸಿಸ್ಟರ್ ಮೊದಲು ಓದಿದರು. ಸೋಮವಾರ ವಾರದ ರಜೆ: ಬಟ್ಟೆ, ಮಾರ್ಕೆಟ್, ಊರಿಗೆ ಫೋನ್. ನಮ್ಮಲ್ಲಿ ರಾತ್ರಿ ಎಂಟು ಅಂದರೆ ಅಲ್ಲಿ ಸಂಜೆ ನಾಲ್ಕೂವರೆ, ಅದನ್ನೂ ಸರ್ ಕಂಸದಲ್ಲಿ ಬರೆದಿದ್ದರು. ಮಂಗಳವಾರ, ಗುರುವಾರ ಶಾಲೆಯಲ್ಲಿ ಗಣಿತ. ಶುಕ್ರವಾರ ಮನೆ ಭೇಟಿ. ಶನಿವಾರ ಕ್ವಾಯರ್ ಪ್ರ್ಯಾಕ್ಟೀಸ್, ಹುಡುಗರಿಗೆ ಪಾಠ. ಭಾನುವಾರ ನ್ಯಾಂಜಾ ಭಾಷೆಯಲ್ಲಿ ಮೂರು ಗಂಟೆ ಆರಾಧನೆ. ಬುಧವಾರದ ಚೌಕದಲ್ಲಿ ಇದ್ದದ್ದು ಇಷ್ಟು: "10ರಿಂದ 1, ಕ್ಲಿನಿಕ್. 62 ಮಕ್ಕಳ ತೂಕ. ದೇವರ ದಯೆಯಿಂದ ಒಳ್ಳೆಯ ದಿನ."

ಆಮೇಲೆ ಸರ್ ಕ್ಯಾಲೆಂಡರ್ ಹಾಳೆ ಹಿಡಿದರು. ಮೇಷ್ಟ್ರ ದನಿ, ಕ್ಲಾಸಿಗೆ ಕೇಳುವಂತೆ. ಸೋಮವಾರ, ಮಂಗಳವಾರ ಸರಾಗ ಹೋಯಿತು. ಸರ್ ಇದ್ದ ಕಡೆಯೆಲ್ಲ ಸಿಸ್ಟರ್ ಇದ್ದರು, ಹಿಂದಿನ ಬೆಂಚಿನಲ್ಲಿ. ಆಮೇಲೆ ಬುಧವಾರ ಬಂತು. ಅವರ ಅನುಮತಿಯಿಂದ ಅದನ್ನು ಹಾಗೇ ಕೊಡುತ್ತಿದ್ದೇನೆ.

"ಬುಧವಾರ. ಐದು ವರ್ಷದ ಒಳಗಿನ ಮಕ್ಕಳ ತೂಕ. ನನ್ನ ಕೆಲಸ ಸಾಲು ನೋಡೋದು, ಕಾರ್ಡ್ ಎತ್ತಿ ಕೊಡೋದು. ಒಂಬತ್ತು ತಿಂಗಳ ಕೂಸು ಬಂತು. ಭೇದಿ. ಕಣ್ಣು ಒಳಗ ಹೋಗಿದ್ವು. ಅಳ್ಳಾಕ ನೀರಿಲ್ಲ. ಅಲ್ಲಿ ನರ್ಸ್ ಹುಡುಗಿ ಸಲೈನ್ ಹಚ್ಚಾಕ ಕೈಯಾಗ ನರ ಹುಡುಕಿದಳು. ತಪ್ಪಿತು. ಮತ್ತ ತಪ್ಪಿತು. ನನಗ ನರ ಕಾಣತಿತ್ತು. ತಲಿ ಮ್ಯಾಲ, ಕಿವಿ ಮುಂದ. ಹೇಳಬಹುದಿತ್ತು. ಹೊರಗಿನಾಕಿ ಬಾಯಿ ಹಾಕಿದ್ರ ಆ ಹುಡುಗಿ ಕೈ ನಡುಗತಿತ್ತು. ನಾನು ಎರಡೂ ಕೈ ಹಿಂದ ಕಟಗೊಂಡೆ. ನಾಕನೇ ಸಲಕ್ಕ ಹತ್ತಿತು. ಕೂಸು ಉಳೀತು. ಮನಿಗೆ ಬಂದು ಕ್ಯಾರೆಟ್ ಹೆಚ್ಚಿದೆ."

"ಕ್ಯಾರೆಟ್ ಹೆಚ್ಚಿದೆ" ಅನ್ನುವಷ್ಟರಲ್ಲಿ ಮೇಷ್ಟ್ರ ದನಿ ಹೋಗಿತ್ತು. ಫ್ಯಾನಿನ ಸದ್ದು ಬಿಟ್ಟರೆ ಏನಿಲ್ಲ. ಅದೇ ವಾರ, ಅದೇ ಬುಧವಾರ. ಸರ್ ಹೊರಗೆ ಮರದ ಕೆಳಗೆ ಹೆಸರು ಬರೆದುಕೊಳ್ಳುತ್ತಿದ್ದರಂತೆ, ಹದಿನೈದು ಹೆಜ್ಜೆ ದೂರ.

"ನೀ ಯಾಕ ನನಗ ಹೇಳಲಿಲ್ಲ?" ಅಂದರು.

ಸಿಸ್ಟರ್ ಸೆರಗಿನ ತುದಿ ಮಡಚುತ್ತಾ ಹೇಳಿದರು: "ಹೇಳಿದ್ರ ನೀವು ಪ್ರಾರ್ಥನಿ ಮಾಡೋಣ ಬಾ ಅಂತಿದ್ರಿ." ಸ್ವಲ್ಪ ಬಿಟ್ಟು, "ಪ್ರಾರ್ಥನಿ ನಾನೂ ಮಾಡೀನ್ರಿ. 34 ವರ್ಷ ಸೂಜಿ ಹಿಡಕೊಂಡೇ ಮಾಡೀನಿ."

ನಾನು ಬಾಯಿ ಮುಚ್ಚಿಕೊಂಡು ಕೂತೆ. ಆವತ್ತು ನಾನು ಮಾಡಿದ ಒಳ್ಳೆ ಕೆಲಸ ಅದೊಂದೇ. ಸರ್ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಆಮೇಲೆ ಇನ್ನೇನು ಕೇಳಬೇಕೋ ತೋಚದೆ, "ಕಿವಿ ಮುಂದ ಎಲ್ಲಿ?" ಅಂತ ಕೇಳಿದರು. ಸಿಸ್ಟರ್ ಎದ್ದು ಹೋಗಿ ಗಂಡನ ಕಿವಿಯ ಮುಂದೆ ಎರಡು ಬೆರಳು ಇಟ್ಟು ಒತ್ತಿದರು. "ಇಲ್ಲಿ. ದೊಡ್ಡವರಿಗೆ ಇಲ್ಲಿ ಹಾಕಂಗಿಲ್ಲ, ಕೂಸಿಗೆ ಅಷ್ಟೇ." ಆ ಬೆರಳುಗಳು ಮಾತ್ರ 62 ವರ್ಷದವರ ಬೆರಳಿನಂತೆ ಇರಲಿಲ್ಲ.

ಹಿಂದಿನ ಸಂಗತಿ ಆಮೇಲೆ ಒಂದೊಂದಾಗಿ ಬಂತು. ನಮ್ಮ ರಾಜ್ಯದ ನರ್ಸಿಂಗ್ ಕೌನ್ಸಿಲಿನ ನೋಂದಣಿ ಬೇರೆ ದೇಶದಲ್ಲಿ ನಡೆಯುವುದಿಲ್ಲ. ಅಲ್ಲಿ ಸೂಜಿ ಹಿಡಿಯಬೇಕಾದರೆ ಅಲ್ಲಿನ ಕೌನ್ಸಿಲಿನಲ್ಲಿ ಹೆಸರು ಬರೆಸಬೇಕು. ಅದು ಸರಿಯಾದ ಕಾನೂನೇ, ನಾನು ತಪ್ಪು ಅನ್ನುವುದಿಲ್ಲ. ಕಳಿಸಿದವರು ಅದರ ಬಗ್ಗೆ ಮೊದಲೇ ಯೋಚಿಸಿರಲಿಲ್ಲ ಅನ್ನುವುದು ನನ್ನ ತಕರಾರು. ಸರ್‌ಗೆ ಏನು ಕೆಲಸ ಅಂತ ಪತ್ರದಲ್ಲಿ ನಾಲ್ಕು ಸಾಲಿತ್ತು. ಸಿಸ್ಟರ್ ಬಗ್ಗೆ ಇದ್ದದ್ದು "ಜೊತೆಗೆ ಪತ್ನಿ". ಅಲ್ಲಿನ ಜನ ಬಾಯಿ ತುಂಬಾ "ಅಮಾಯ್" ಅಂತ ಕರೆಯುತ್ತಿದ್ದರು. ಅಮ್ಮ ಅಂತ ಅರ್ಥ. ಪ್ರೀತಿಯ ಮಾತೇ. ಆದರೆ 34 ವರ್ಷ "ಸಿಸ್ಟರ್" ಅಂದರೆ ಓಡಿದ ಕಾಲು, "ಅಮ್ಮ" ಅಂದರೆ ಎಲ್ಲಿಗೆ ಓಡಬೇಕು?

ನನ್ನ ಸಲಹೆ ಇದು. ಟಿಕೆಟ್ ಮುಂದೂಡಿ. ಇಬ್ಬರೂ ಕೂತು ಮಿಷನ್ ಕಚೇರಿಗೆ ಒಂದು ಪತ್ರ ಬರೆಯಿರಿ, ಸಿಸ್ಟರ್ ಕೈಬರಹದಲ್ಲಿ, ಮೊದಲ ಸಹಿ ಅವರದೇ. ಅಲ್ಲಿ ನೋಂದಣಿ ಮಾಡಿಸಲು ದಾರಿ ಇದೆಯಾ ಕೇಳಿ. ಇಲ್ಲ ಅಂದರೆ ಸೂಜಿ ಮುಟ್ಟದೆ ಮಾಡುವ ಕೆಲಸ, ತಾಯಂದಿರಿಗೆ ಕಲಿಸುವಂಥದ್ದು, ವಾರಕ್ಕೆ ಒಂದು ದಿನವಾದರೂ ಇವರ ಹೆಸರಿನಲ್ಲಿ ಕೊಡಿ ಅಂತ ಕೇಳಿ. ಎರಡೂ ಆಗದಿದ್ದರೆ ಉಳಿದ ಏಳು ತಿಂಗಳು ಬಿಟ್ಟುಬಿಡಿ. ಊರಿಗೆ ಉತ್ತರ ಕೊಡುವ ಹೊಣೆ ಸರ್ ಹೊತ್ತುಕೊಳ್ಳಲಿ. ಇನ್ನೊಂದನ್ನು ಸರ್‌ಗೆ ಮಾತ್ರ ಹೇಳಿದೆ: ಮನೆಯ ಜಗಳದಲ್ಲಿ "ದೇವರು ಇಬ್ಬರನ್ನೂ ಕರೆದಿದ್ದಾನೆ" ಅನ್ನುವ ಮಾತು ತರಬೇಡಿ. ಆ ಮಾತಿಗೆ ಹೆಂಡತಿ ಏನು ಉತ್ತರ ಕೊಡಬೇಕು? ದೇವರ ಜೊತೆ ವಾದ ಮಾಡೋಕಾಗುತ್ತಾ?

ಇದಕ್ಕೇ ನನಗೆ ಬೈಗುಳ. ಮೊದಲು ಹೇಳಿದೆನಲ್ಲ, ಆ ಚರ್ಚಿನ ಹಿರಿಯರು ಫೋನ್ ಮಾಡಿದರು. ನೀವು ನಮ್ಮವರಲ್ಲ, ಕರೆ ಅಂದರೆ ಏನು ಅಂತ ನಿಮಗೆ ಗೊತ್ತಿಲ್ಲ ಅಂದರು. ಇರಬಹುದು. ನಾನು ಹುಟ್ಟಿ ಬೆಳೆದದ್ದು ಶರಣಬಸವೇಶ್ವರ ಗುಡಿಯ ದಾಸೋಹದ ಊರಲ್ಲಿ. ನಮ್ಮಜ್ಜಿ ಜಾತ್ರೆ ಬಂದರೆ ಸಾಕು, ರೊಟ್ಟಿ ಬಡಿಯಲು ಹೋಗಿ ಕೂರುತ್ತಿದ್ದಳು. ಎಪ್ಪತ್ತೈದು ದಾಟಿದ ಮೇಲೆ ಒಂದು ವರ್ಷ ಯಾರೋ ಪ್ರೀತಿಯಿಂದಲೇ, "ಆಯಿ, ನೀ ಸುಮ್ನ ಕೂಡು, ನಾವು ಮಾಡ್ತೀವಿ" ಅಂದರಂತೆ. ಮನೆಗೆ ಬಂದು ಎರಡು ದಿನ ಊಟ ಬಿಟ್ಟಳು. ಬೇರೆ ಧರ್ಮದವಳು ಅಂತ ನನಗೆ ಗೊತ್ತಾಗದೇ ಇರುವ ಸಂಗತಿ ಇದಲ್ಲ.

ಇನ್ನೊಬ್ಬರು, ನನ್ನ ಗೆಳತಿಯೇ, ಬೇರೆ ಥರ ಕೇಳಿದಳು. ಸೇವೆ ಅಂದರೆ ನಾನು ಅನ್ನುವುದು ಬಿಡೋದಲ್ವಾ? ಕಸ ಗುಡಿಸು ಅಂದರೂ ಗುಡಿಸಬೇಕು ಅಲ್ವಾ? ಈ ಪ್ರಶ್ನೆಗೆ ನಾನು ಜಾಸ್ತಿ ಯೋಚಿಸಿದೆ. ಸಿಸ್ಟರ್ ಕಸವನ್ನೂ ಗುಡಿಸಿದ್ದಾರೆ, ಹನ್ನೊಂದು ತಿಂಗಳು. ದೂರಲಿಲ್ಲ. ಸಾಲು ನೋಡು ಅಂದರೆ ನೋಡಿದರು. ಆದರೆ ಕಣ್ಣೆದುರು ಕೂಸು ಒಣಗುತ್ತಿದ್ದಾಗ, ತನಗೆ ಗೊತ್ತಿರುವ ಕೆಲಸ ಮಾಡದೆ ಕೈ ಕಟ್ಟಿ ನಿಲ್ಲಬೇಕಾಯಿತಲ್ಲ, ಅದು ಕಸ ಗುಡಿಸಿದ ಹಾಗಲ್ಲ. ಅದನ್ನು ವಿನಯ ಅಂತ ಕರೆಯಲು ನನ್ನಿಂದ ಆಗುವುದಿಲ್ಲ.

ಮಿಷನರಿಗಳ ಕಥೆ ನಮಗೆ ಯಾಕೆ ಅನ್ನುವವರಿಗೆ ಹೇಳುತ್ತೇನೆ, ಇದೇ ಕಥೆ ಬೇರೆ ಬಟ್ಟೆ ಹಾಕಿಕೊಂಡು ತಿಂಗಳಿಗೆ ಒಂದೆರಡು ಸಲ ನನ್ನ ಬಾಗಿಲಿಗೆ ಬರುತ್ತದೆ. ಮಗನ ಮನೆಗೆ ಅಂತ ಅಮೆರಿಕಾಕ್ಕೆ ಹೋಗಿ ಆರು ತಿಂಗಳ ವಿಸಿಟರ್ ಅವಧಿಯನ್ನು ಕಿಟಕಿ ನೋಡುತ್ತಾ ಕಳೆದು ಬರುವ ತಾಯಂದಿರು. ಬೆಂಗಳೂರಿನ ಫ್ಲ್ಯಾಟಿಗೆ ಹೋದ ನಿವೃತ್ತ ಟೀಚರಮ್ಮ. ಗಂಡನಿಗೆ ವಾಕಿಂಗ್ ಗೆಳೆಯರು ಸಿಗುತ್ತಾರೆ, ಪೇಪರ್ ಸಿಗುತ್ತದೆ. ಇವರಿಗೆ ಅಡುಗೆಮನೆ ಸಿಗುತ್ತದೆ, ಅದೂ ಸೊಸೆಯದು. "ಅಲ್ಲೇನು ಕಮ್ಮಿ ಇತ್ತು?" ಅಂತ ಎಲ್ಲರೂ ಕೇಳುತ್ತಾರೆ. ಅಂಥ ಮನೆಯವರು ನೀವಾಗಿದ್ದರೆ, ಏನು ಕಮ್ಮಿ ಅಂತ ಕೇಳಬೇಡಿ. ಒಂದು ಹಾಳೆ ಕೊಡಿ, ಒಂದು ವಾರ ಬರೆಯಲಿ. ಆಮೇಲೆ ಅದನ್ನು ನೀವು ಜೋರಾಗಿ ಓದಿ. ಕಣ್ಣಲ್ಲೇ ಓದಿದರೆ ಬುಧವಾರ ದಾಟಿ ಹೋಗಿಬಿಡುತ್ತೀರಿ.

ಒಂದು ಅನುಮಾನ ನನಗೆ ಇನ್ನೂ ಇದೆ. ಗಂಡನ ಬಾಯಿಂದಲೇ ಅದನ್ನು ಓದಿಸಬೇಕಿತ್ತಾ? ಆ ಮನುಷ್ಯ ಒಳ್ಳೆಯವರು. ರೈಲಿಗೆ ಇನ್ನೂ ಎರಡು ಗಂಟೆ ಇದ್ದರೂ ಅವತ್ತು ಚಹಾ ಕೂಡ ಕುಡಿಯದೆ ಎದ್ದು ಹೋದರು.

ಪತ್ರಕ್ಕೆ ಐದು ವಾರದ ಮೇಲೆ ಉತ್ತರ ಬಂತು. ನೋಂದಣಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಉಳಿದ ಅವಧಿಯಲ್ಲಿ ಆಗದು. ತಾಯಂದಿರ ಕ್ಲಾಸ್ ಆಗಬಹುದು, ವಾರಕ್ಕೆ ಎರಡು ದಿನ, ಮಾತು ದಾಟಿಸಲು ಒಬ್ಬ ಹುಡುಗಿಯನ್ನೂ ಕೊಡುತ್ತೇವೆ. ಹೋಗುವುದೋ ಬೇಡವೋ ಅಂತ ಸಿಸ್ಟರ್ ಇನ್ನೂ ಬಾಯಿಬಿಟ್ಟು ಹೇಳಿಲ್ಲ. ಹೋದ ತಿಂಗಳು ಬಂದಾಗ ಚೀಲದಿಂದ ಒಂದು ಲೀಟರಿನ ಬಾಟಲ್, ಒಂದು ಟೀ ಚಮಚ ತೆಗೆದು ನನ್ನ ಮೇಜಿನ ಮೇಲೆ ಇಟ್ಟರು. ಭೇದಿಗೆ ಮನೆಯಲ್ಲೇ ಮಾಡುವ ನೀರು. ಒಂದು ಲೀಟರ್ ಶುದ್ಧ ನೀರಿಗೆ ಸಕ್ಕರೆ ಆರು ಚಮಚ, ಉಪ್ಪು ಅರ್ಧ ಚಮಚ, ಎರಡೂ ಮಟ್ಟ ಸವರಿ. "ಉಪ್ಪು ಜಾಸ್ತಿ ಆದ್ರ ಕೂಸಿಗೆ ತ್ರಾಸ, ಅದನ್ನೇ ಮೊದಲ ಕಲಿಸಬೇಕ್ರಿ" ಅಂದರು. ಸರ್ ಪಕ್ಕದಲ್ಲಿ ಕೂತು ನೋಟ್‌ಬುಕ್ ನೋಡಿ ನ್ಯಾಂಜಾ ಪದ ಒಪ್ಪಿಸಿಕೊಳ್ಳುತ್ತಿದ್ದರು.

"ನೀರು?"

"ಮದ್ಜಿ."

"ಉಪ್ಪು?"

"ಮ್ಚೆರೆ."

"ಸಕ್ಕರಿ?"

"ಶುಗಾ. ಅದು ಬಿಡ್ರಿ, ನನಗ ಬರತದ."