ಹುಲಿವೇಷದ ಹೆದರಿಕೆ ಮತ್ತು ಅಜ್ಜಿಯ ಚಿವುಟು

ಮೂರು ವರ್ಷದ ಮಗ ಗಂಜಿ ಚೆಲ್ಲಿದರೆ ಅತ್ತೆ ತೊಡೆ ಚಿವುಟುತ್ತಾರೆ, ‘ಹುಲಿವೇಷದವರಿಗೆ ಹಿಡಿದು ಕೊಡುತ್ತೇನೆ’ ಎಂದು ಹೆದರಿಸುತ್ತಾರೆ, ಗಂಡ ತುಟಿ ಬಿಚ್ಚುವುದಿಲ್ಲ, ಏನು ಮಾಡಲಿ ಎಂದು ಕೇಳಿದ್ದೀರಿ. ಉಡುಪಿಯ ನಮ್ಮ ಮನೆಯಲ್ಲಿಯೂ ಇದೇ ಕಥೆ. ಕೃಷ್ಣಾಷ್ಟಮಿಯ ಹೊತ್ತಿಗೆ, ಮೈಗೆ ಹುಲಿಯ ಬಣ್ಣ ಬಳಿದು ಕುಣಿಯುವ ವೇಷದವರ ತಾಸೆ ವಾದ್ಯದ ಸದ್ದು ಕೇಳಿದರೆ ಸಾಕು, ಮಗಳು ಮಂಚದಡಿ ಸೇರುತ್ತಿದ್ದಳು. ಆ ವರ್ಷ ಅಷ್ಟಮಿಯ ಮರುದಿನದ ವಿಟ್ಲಪಿಂಡಿ ಉತ್ಸವಕ್ಕೆ ಕೃಷ್ಣಮಠದ ರಥಬೀದಿಯ ಕಡೆ ತಲೆ ಹಾಕಲಾಗಲಿಲ್ಲ.

ಮೊದಲು ಗಂಡನ ಬಾಯಿ ತೆರೆಸಿ. ಸೊಸೆ ಹೇಳಿದರೆ ಜಗಳ, ಮಗ ಹೇಳಿದರೆ ಮಾತು. ಇದು ಅನ್ಯಾಯವೇ, ಆದರೆ ಈಗ ನಿಲ್ಲಬೇಕಾದದ್ದು ಚಿವುಟುವುದು. ಮಗುವಿನ ಎದುರು ಬೇಡ, ಸಂಜೆ ಚಹಾ ಆದ ಮೇಲೆ ಹೇಳಲಿ. ‘ನಿಮ್ಮನ್ನು ಹೊಡೆದೇ ಬೆಳೆಸಿದ್ದು’ ಎಂಬ ಉತ್ತರ ಬಂದೇ ಬರುತ್ತದೆ. ಅದಕ್ಕೆ ವಾದ ಬೇಡ. ನಮ್ಮ ಅತ್ತೆಗೆ ನಾಟಿದ್ದು ಬೇರೆಯದೇ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಶಾಲೆಯಲ್ಲಿ ಮಕ್ಕಳಿಗೆ ಹೊಡೆಯುವಂತಿಲ್ಲ, ಮಾನಸಿಕ ಕಿರುಕುಳವನ್ನೂ ಕೊಡುವಂತಿಲ್ಲ ಎಂದಾಗ, ‘ಮಾಸ್ತರರಿಗೂ ಇಲ್ಲವೇ!’ ಎಂದು ಮೂಗಿನ ಮೇಲೆ ಬೆರಳಿಟ್ಟರು.

ಗಂಜಿಯನ್ನು ಸಣ್ಣ ಬಟ್ಟಲಿನಲ್ಲಿ ಅರ್ಧ ಮಾತ್ರ ಹಾಕಿ. ಚೆಲ್ಲಿದರೆ ಅವನೇ ಒರೆಸಲಿ, ಬಟ್ಟೆಯನ್ನು ಅತ್ತೆಯೇ ಕೊಡಲಿ. ಶಿಸ್ತು ಅವರ ಕೈಯಲ್ಲೇ ಉಳಿದಂತಾಗುತ್ತದೆ. ಊಟಕ್ಕೆ ಮುಂಚೆ ಚಕ್ಕುಲಿ ಕೊಡುವಂಥ ತಂಟೆಗಳನ್ನು ನೋಡಿಯೂ ನೋಡದಂತೆ ಇದ್ದುಬಿಡಿ.

ಹುಲಿಯ ಭಯಕ್ಕೆ, ವೇಷದವರು ಬಣ್ಣ ಹಚ್ಚಿಸಿಕೊಳ್ಳುವ ಜಾಗಕ್ಕೆ ಅಜ್ಜಿಯ ಜೊತೆಗೇ ಕಳುಹಿಸಿ. ಹಳದಿ ಬಣ್ಣದಡಿ ಪಕ್ಕದ ಮನೆಯ ಅಣ್ಣನ ಗುರುತು ಸಿಕ್ಕಿದ್ದೇ ತಡ, ನನ್ನ ಮಗಳು ಅವನ ಬಾಲ ಹಿಡಿದು ಎಳೆದಿದ್ದಳು.