ರಾತ್ರಿ ಮೈಕ್ ಬಗ್ಗೆ ದೂರು ಕೊಡಿ, ತಪ್ಪೇನಿಲ್ಲ

ಪಕ್ಕದ ಬೀದಿಯಲ್ಲಿ ರಾತ್ರಿ ಹನ್ನೆರಡಾದರೂ ಮೈಕ್ ನಿಲ್ಲಲ್ಲ, ಕೇಳಿದರೆ ‘ಅಡ್ಜಸ್ಟ್ ಮಾಡ್ಕೊಳ್ಳಿ’ ಅಂತಾರೆ, ದೂರು ಕೊಟ್ಟರೆ ತಪ್ಪಾಗುತ್ತಾ ಅಂತ ಕೇಳಿದ್ದೀರಿ. ಖಂಡಿತ ತಪ್ಪಲ್ಲ. ನನಗೆ ಸಿಟ್ಟು ಬರುವುದೇ ಆ ‘ಅಡ್ಜಸ್ಟ್’ ಅನ್ನೋ ಮಾತಿಗೆ. ಯಾವಾಗಲೂ ತೊಂದರೆ ಪಡುವವರೇ ಅಡ್ಜಸ್ಟ್ ಆಗಬೇಕು, ಅಲ್ವಾ?

2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಮೈಕ್ ಹಾಕುವಂತಿಲ್ಲ. ಹಬ್ಬಗಳಿಗೆ ಸರ್ಕಾರ 12ರವರೆಗೆ ಬಿಡಬಹುದು, ಅದೂ ವರ್ಷಕ್ಕೆ 15 ದಿನ ಮೀರಬಾರದು. ಮನೆಗಳಿರುವ ಕಡೆ ರಾತ್ರಿಯ ಮಿತಿ 45 ಡೆಸಿಬಲ್. ನಾವು ಮಾಮೂಲಾಗಿ ಮಾತಾಡುವ ದನಿಯೇ ಅದಕ್ಕಿಂತ ಜಾಸ್ತಿ.

ನಮ್ಮಪ್ಪ ಆಪರೇಷನ್ ಆಗಿ ಮನೆಗೆ ಬಂದ ವಾರ ನಮ್ಮ ಬೀದಿಯಲ್ಲೂ ಇದೇ ಕಥೆ. ಸ್ಟ್ಯಾಂಡಿನಲ್ಲಿದ್ದ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಅದುರುತ್ತಿದ್ದವು. ಅಪ್ಪ ಎರಡೂ ಕಿವಿಗೆ ಹತ್ತಿ ಇಟ್ಟುಕೊಂಡು ಗೋಡೆ ಕಡೆ ತಿರುಗಿ ಮಲಗಿದ್ದರು. ಹೋಗಿ ಕೈಮುಗಿದು ಕೇಳಿದೆ. ‘ವರ್ಷಕ್ಕೊಂದು ದಿನ ಸರ್’ ಅಂದರು. ಆ ತಿಂಗಳಲ್ಲೇ ಅದು ಮೂರನೇ ಸಲ.

ಸುಮ್ನೆ ಜಗಳಕ್ಕೆ ಹೋಗಬೇಡಿ. ಪೊಲೀಸರ ತುರ್ತು ನಂಬರ್ 112ಕ್ಕೆ ಫೋನ್ ಮಾಡಿ. ನೀವೊಬ್ಬರೇ ಅಲ್ಲ, ಇನ್ನೂ ನಾಲ್ಕು ಮನೆಯವರಿಂದ ಮಾಡಿಸಿ. ನಾವು ಹಾಗೆ ಮಾಡಿದ ರಾತ್ರಿ ಅರ್ಧ ಗಂಟೆಯಲ್ಲಿ ನಿಂತಿತು. ಅಪ್ಪ ಹತ್ತಿ ತೆಗೆದು, ಕುಡಿಯಲು ನೀರು ಕೇಳಿದರು.